ಇರುವುದೋ, ಬಿಡುವುದೋ?

ಕೂಡಿ ಬಾಳುವ ಕಷ್ಟವನ್ನಾಗಲಿ ಬೇರೆಯಾಗುವ ಕಷ್ಟವನ್ನಾಗಲಿ ನಮ್ಮ ಮನೆಗಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಾದರು. ಹೊಲ, ಮನೆ, ದನಕರು, ಪಾತ್ರೆಪದಾರ್ಥ ಎಲ್ಲವೂ ಪಂಚಾಯಿತರ ಮುಂದೆ ಒಂದೇ ಬೆಳಿಗ್ಗೆಯಲ್ಲಿ ಹಂಚಿಹೋದುವು. ಹಿತ್ತಿಲ ಬಾವಿಯ ವ್ಯಾಜ್ಯ ಮಾತ್ರ ಹನ್ನೊಂದು ವರ್ಷ ಎಳೆಯಿತು. ಬಾವಿಯನ್ನು ಕೊಯ್ದು ಎರಡು ಮಾಡುವ ಉಪಾಯ ಯಾವ ಪಂಚಾಯಿತರಿಗೂ ಹೊಳೆಯಲಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಒಂದು ದೊಡ್ಡ ಕುಟುಂಬದ ಪಾಲಿನ ವಿಚಾರ. ಬ್ರಿಟನ್ನು 1973ರಲ್ಲಿ ಯೂರೋಪಿನ ಕೂಟವನ್ನು ಸೇರಿತು. ನಲವತ್ತೇಳು ವರ್ಷ ಅದರೊಳಗಿದ್ದು, 2020ನೆಯ ಇಸವಿ ಜನವರಿ 31ರ ರಾತ್ರಿ ಹೊರಗೆ ಬಂದಿತು. ಇದು ಸರಿಯೋ ತಪ್ಪೋ ಎಂಬ ತೀರ್ಪು ಆ ದೇಶದವರದು. ಆದರೆ ಒಂದು ದೇಶ ಇಂಥ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡು ಹೇಗೆ ವಾದಿಸಿತು, ಯಾವುದನ್ನು ನೋಡಿತು, ಯಾವುದನ್ನು ನೋಡಲು ಮರೆಯಿತು ಎಂಬುದನ್ನು ಹೊರಗಿನವರಾದ ನಾವೂ ವಿಚಾರಿಸಬಹುದು.

ಮೊದಲಿಗೆ ಕೂಟದ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಬೆಂದುಹೋಗಿದ್ದ ಯೂರೋಪಿನಲ್ಲಿ, 1951ರಲ್ಲಿ ಫ್ರಾನ್ಸು, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡು, ಲಕ್ಸೆಂಬರ್ಗ್ ಈ ಆರು ದೇಶಗಳು ತಮ್ಮ ಕಲ್ಲಿದ್ದಲು ಉಕ್ಕುಗಳನ್ನು ಒಂದೇ ಮೇಲ್ವಿಚಾರಣೆಯ ಕೆಳಗೆ ತಂದುವು. ಫಿರಂಗಿಗೆ ಬೇಕಾದ ಸಾಮಗ್ರಿ ಯಾವ ಒಬ್ಬರ ಸ್ವಂತ ಕೈಯಲ್ಲಿಯೂ ಇರಬಾರದೆಂಬುದು ಅದರ ಉದ್ದೇಶ. 1957ರಲ್ಲಿ ಇದೇ ಆರು ದೇಶಗಳು ರೋಮ್ ನಗರದಲ್ಲಿ ಕೂಡಿ, ತಮ್ಮೊಳಗೆ ಸುಂಕವಿಲ್ಲದ ಸಾಮಾನ್ಯ ಮಾರುಕಟ್ಟೆಗೆ ರುಜು ಹಾಕಿದುವು. ಬ್ರಿಟನ್ನು ಆಗ ದಡದಲ್ಲಿ ನಿಂತು ನೋಡಿತು. ಅದಕ್ಕೆ ಬೇರೆ ನೆಂಟಸ್ತಿಕೆ ಇತ್ತು, ಸಮುದ್ರದಾಚೆಯದು. ಕೆಲವು ವರ್ಷಗಳಲ್ಲೇ ಮನಸ್ಸು ಬದಲಾಗಿ, 1961ರಲ್ಲಿ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿದಾಗ, ಫ್ರಾನ್ಸಿನ ಅಧ್ಯಕ್ಷ ದ ಗಾಲ್ 1963ರಲ್ಲೊಮ್ಮೆ, 1967ರಲ್ಲಿ ಮತ್ತೊಮ್ಮೆ ಬಾಗಿಲು ಹಾಕಿದರು.

ಈ ಅರ್ಜಿಯ ಕಾಲದಲ್ಲಿ ನಮ್ಮ ದೇಶಕ್ಕೂ ಚಿಂತೆ ಹತ್ತಿತ್ತು. 1962ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಕಾಮನ್‌ವೆಲ್ತ್ ಪ್ರಧಾನಿಗಳ ಸಭೆ ಸೇರಿದಾಗ ನೆಹರೂ ಅವರೂ ಅಲ್ಲಿದ್ದರು. ನಮ್ಮ ಚಹಾಕ್ಕೂ ಹತ್ತಿಯ ಬಟ್ಟೆಗೂ ಬ್ರಿಟನ್ನಿನಲ್ಲಿ ದೊರೆಯುತ್ತಿದ್ದ ಸುಂಕದ ರಿಯಾಯಿತಿ, ಆ ದೇಶ ಯೂರೋಪಿನ ಗೋಡೆಯೊಳಕ್ಕೆ ಹೋದರೆ ಏನಾಗಬೇಕು ಎಂಬುದು ಚಿಂತೆ. ಮುಂದಿನ ತಿಂಗಳಲ್ಲೇ ಅಲ್ಲಿನ ವಿರೋಧಪಕ್ಷದ ನಾಯಕ ಗೇಟ್ಸ್‌ಕೆಲ್, ಯೂರೋಪಿನಲ್ಲಿ ಕರಗಿಹೋದರೆ ಸಾವಿರ ವರ್ಷದ ಇತಿಹಾಸ ಮುಗಿದಂತೆ ಎಂದು ತಮ್ಮ ಪಕ್ಷದ ಸಮ್ಮೇಳನದಲ್ಲಿ ಹೇಳಿದರು. ಅಂದರೆ, ಬೆಣ್ಣೆ ಸಕ್ಕರೆಗಳ ಧಾರಣೆಯೊಂದು ಕಡೆ, ಸಾವಿರ ವರ್ಷದ ಮಾನವೊಂದು ಕಡೆ. ಈ ಎರಡು ತೂಕದ ಕಲ್ಲುಗಳೂ ಕೊನೆಯ ತನಕ ತಕ್ಕಡಿಯಿಂದ ಕೆಳಗಿಳಿಯಲಿಲ್ಲ.

1973ರ ಜನವರಿ ಒಂದರಂದು, ಎಡ್ವರ್ಡ್ ಹೀತ್ ಪ್ರಧಾನಿಯಾಗಿದ್ದಾಗ, ಐರ್ಲೆಂಡು ಡೆನ್ಮಾರ್ಕುಗಳ ಜತೆಗೆ ಬ್ರಿಟನ್ನಿಗೂ ಪ್ರವೇಶ ಸಿಕ್ಕಿತು. ಸೇರಿದ ಎರಡೂವರೆ ವರ್ಷದೊಳಗೇ, ‘ಇರಬೇಕೇ, ಬಿಡಬೇಕೇ?’ ಎಂದು ಜನರನ್ನು ಕೇಳುವ ಪ್ರಸಂಗ ಬಂದಿತು. ಇದಕ್ಕೆ ಕಾರಣ ತತ್ತ್ವಕ್ಕಿಂತ ಹೆಚ್ಚಾಗಿ ಮನೆಯೊಳಗಿನ ಜಗಳ. ಹೀತರ ನಂತರ ಬಂದ ಹೆರಾಲ್ಡ್ ವಿಲ್ಸನ್ನರ ಲೇಬರ್ ಪಕ್ಷ ಈ ವಿಷಯದಲ್ಲಿ ಎರಡು ಹೋಳಾಗಿತ್ತು. ಮಂತ್ರಿಮಂಡಲದಲ್ಲಿ ಹದಿನಾರು ಮಂದಿ ಇರೋಣವೆಂದರೆ ಏಳು ಮಂದಿ ಬಿಡೋಣವೆಂದರು. ಪಕ್ಷ ಒಡೆಯಬಾರದೆಂದು ವಿಲ್ಸನ್ನರು ಮಂತ್ರಿಗಳಿಗೆ ತಮ್ಮ ತಮ್ಮ ಮನಸ್ಸಿನಂತೆ ಮಾತನಾಡಲು ಬಿಟ್ಟು, ತೀರ್ಮಾನವನ್ನು ಮತದಾರರ ತಲೆಗೆ ಕಟ್ಟಿದರು. ಬ್ರಿಟನ್ನಿನ ಇತಿಹಾಸದಲ್ಲಿ ಇಡೀ ದೇಶಕ್ಕೆ ಅನ್ವಯಿಸಿದ ಮೊದಲನೆಯ ಜನಮತಗಣನೆ ಅದೇ. ಪಾರ್ಲಿಮೆಂಟೇ ಪರಮಾಧಿಕಾರಿ ಎಂದು ಶತಮಾನಗಳಿಂದ ಹೇಳಿಕೊಂಡು ಬಂದ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ. ಪ್ರತಿನಿಧಿ ತನ್ನ ಕ್ಷೇತ್ರದವರಿಗೆ ಕೊಡಬೇಕಾದದ್ದು ತನ್ನ ದುಡಿಮೆಯನ್ನಷ್ಟೇ ಅಲ್ಲ, ತನ್ನ ವಿವೇಚನೆಯನ್ನೂ ಎಂದು 1774ರಲ್ಲಿ ಎಡ್ಮಂಡ್ ಬರ್ಕ್ ಬ್ರಿಸ್ಟಲಿನ ಮತದಾರರಿಗೆ ಹೇಳಿದ್ದನು. ಆ ವಿವೇಚನೆಯನ್ನೇ ಈಗ ಪ್ರತಿನಿಧಿಗಳು ಮತದಾರರಿಗೆ ಹಿಂದಕ್ಕೆ ಕೊಟ್ಟರು.

1975ರ ಜೂನ್ 5ರಂದು ಮತದಾನ. ಅದಕ್ಕೆ ಎರಡು ದಿವಸ ಮುಂಚೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಚರ್ಚಾಸಂಘದಲ್ಲಿ ಒಂದು ಚರ್ಚೆ ನಡೆಯಿತು, ಬಿ.ಬಿ.ಸಿ.ಯವರು ಅದನ್ನು ದೇಶಕ್ಕೆಲ್ಲ ತೋರಿಸಿದರು. ಇರೋಣವೆಂಬ ಕಡೆಗೆ ಹೀತ್ ಮತ್ತು ಲಿಬರಲ್ ಪಕ್ಷದ ಜೆರೆಮಿ ಥಾರ್ಪ್. ಬಿಡೋಣವೆಂಬ ಕಡೆಗೆ ಲೇಬರ್ ಮಂತ್ರಿಗಳಾದ ಬಾರ್ಬರಾ ಕ್ಯಾಸಲ್ ಮತ್ತು ಪೀಟರ್ ಶೋರ್. ಹೀತರು ವಿದ್ಯಾರ್ಥಿಯಾಗಿದ್ದಾಗ 1937ರಲ್ಲಿ ನ್ಯೂರೆಂಬರ್ಗಿನ ನಾಜೀ ಮೆರವಣಿಗೆಯನ್ನು ಕಣ್ಣಾರೆ ಕಂಡವರು, ಆಮೇಲೆ ಯುದ್ಧದಲ್ಲಿ ತೋಪಿನ ದಳದಲ್ಲಿ ದುಡಿದವರು. ಅಂಥವರಿಗೆ ಸಾಮಾನ್ಯ ಮಾರುಕಟ್ಟೆಯೆಂದರೆ ಬರಿಯ ಅಂಗಡಿಯಲ್ಲ. ಇನ್ನೊಂದು ಯುದ್ಧವಾಗದಂತೆ ಹಾಕಿದ ಬೇಲಿ. ಎದುರಿಗೆ ಶೋರ್ ಅವರ ವಾದ ಬೇರೆ. ಸೇರುವಾಗ ಸುಖ ಬರುತ್ತದೆಂದಿರಿ, ಸುಖ ಬರಲಿಲ್ಲ. ಈಗ ಬಿಟ್ಟರೆ ಕಷ್ಟ ಬರುತ್ತದೆನ್ನುತ್ತೀರಿ. ನಿಮ್ಮ ಬಾಯಲ್ಲಿ ಉಳಿದಿರುವುದು ಹೆದರಿಕೆಯೊಂದೇ ಎಂಬುದು ಅವರು ಹೇಳಿದುದರ ತಾತ್ಪರ್ಯ. ಮಾತಿನ ಬಿಸಿಯಲ್ಲಿ ಅಂದು ಶೋರರನ್ನು ಮೀರಿಸಿದವರಿಲ್ಲವೆಂದು ನನ್ನ ಅಭಿಪ್ರಾಯ. ಆದರೂ ಓಟು ಎಣಿಸಿದಾಗ ಸೋತರು: ಇರೋಣವೆಂಬುದಕ್ಕೆ 493, ಬೇಡವೆಂಬುದಕ್ಕೆ 92.

ದೇಶವೂ ಹಾಗೆಯೇ ಹೇಳಿತು. ನೂರಕ್ಕೆ 67 ಮಂದಿ ಇರೋಣವೆಂದರು. ಕನ್ಸರ್ವೆಟಿವ್ ಪಕ್ಷಕ್ಕೆ ಆಗತಾನೆ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್, ಒಂಬತ್ತು ದೇಶಗಳ ಬಾವುಟಗಳನ್ನು ಹೆಣೆದ ಉಣ್ಣೆಯಂಗಿ ತೊಟ್ಟು ಪ್ರಚಾರ ಮಾಡಿದ್ದರು. ಬೇಡವೆಂದ ಎಣಿಕೆಯ ಪ್ರದೇಶಗಳು ಎರಡೇ ಎರಡು, ಸ್ಕಾಟ್‌ಲೆಂಡಿನ ಶೆಟ್‌ಲೆಂಡ್ ಮತ್ತು ಪಶ್ಚಿಮ ದ್ವೀಪಗಳು. ಈ ದ್ವೀಪಗಳನ್ನು ತಾವು ಸ್ವಲ್ಪ ಜ್ಞಾಪಕದಲ್ಲಿಡಬೇಕು. 2016ರಲ್ಲಿ ಇವೇ ‘ಇರೋಣ’ ಎಂದುವು. 1975ರಲ್ಲಿ ಬಿಡಬೇಕೆಂದು ಕೂಗಿದ ಸ್ಕಾಟಿಷ್ ರಾಷ್ಟ್ರೀಯ ಪಕ್ಷ 2016ರಲ್ಲಿ ಇರಬೇಕೆಂದಿತು. ಅಂದು ಬಾವುಟದ ಅಂಗಿ ತೊಟ್ಟ ಪಕ್ಷದವರಲ್ಲಿ ಅನೇಕರು ಇಂದು ಬಿಡಬೇಕೆಂದರು. ಇಷ್ಟು ಜನ ಜಾಗ ಬದಲಾಯಿಸಿಕೊಂಡರೆಂದರೆ, ಮಧ್ಯೆ ಕೂಟವೇ ಬದಲಾಗಿರಬೇಕಲ್ಲವೆ?

ಬದಲಾಗಿತ್ತು. 1975ರ ಚೀಟಿಯಲ್ಲಿ ಕೇಳಿದ್ದು ಸಾಮಾನ್ಯ ಮಾರುಕಟ್ಟೆಯನ್ನು. 1992ರ ಮಾಸ್ಟ್ರಿಕ್ಟ್ ಒಪ್ಪಂದದಿಂದ ಅದು ಐರೋಪ್ಯ ಒಕ್ಕೂಟವೆಂಬ ಹೆಸರನ್ನೂ ಒಂದೇ ನಾಣ್ಯದ ಸಂಕಲ್ಪವನ್ನೂ ಪಡೆಯಿತು. ಆ ನಾಣ್ಯಕ್ಕೆ ಬ್ರಿಟನ್ನು ಸೇರಲಿಲ್ಲ. ಅದಕ್ಕೂ ಮೊದಲು ಒಂದು ಮೊಕದ್ದಮೆ ನಡೆದಿತ್ತು. ಸ್ಪೇನಿನವರು ತಮ್ಮ ಮೀನುದೋಣಿಗಳನ್ನು ಬ್ರಿಟಿಷ್ ದೋಣಿಗಳೆಂದು ದಾಖಲು ಮಾಡಿಸಿ, ಬ್ರಿಟನ್ನಿನ ಪಾಲಿನ ಮೀನನ್ನು ಹಿಡಿಯುತ್ತಿದ್ದರು. ಅದನ್ನು ತಡೆಯಲು ಪಾರ್ಲಿಮೆಂಟು 1988ರಲ್ಲಿ ಕಾನೂನು ಮಾಡಿತು. ದೋಣಿಗಳ ಯಜಮಾನರು ನ್ಯಾಯಸ್ಥಾನಕ್ಕೆ ಹೋದರು. 1990ರಲ್ಲಿ ಬ್ರಿಟನ್ನಿನ ಅತ್ಯುಚ್ಚ ನ್ಯಾಯಸ್ಥಾನವೇ, ಐರೋಪ್ಯ ಕಾನೂನಿಗೆ ವಿರೋಧವೆಂದು, ತನ್ನ ಪಾರ್ಲಿಮೆಂಟಿನ ಕಾನೂನನ್ನು ಬದಿಗಿಟ್ಟಿತು. ಕಾನೂನು ಬಲ್ಲವರಿಗೆ ಇದು ಅನಿರೀಕ್ಷಿತವಲ್ಲ. ಸೇರುವಾಗ ಬರೆದುಕೊಟ್ಟ ಕರಾರೇ ಹಾಗಿತ್ತು. ಆದರೆ ಕರಾರನ್ನು ಓದದೆ ಮನೆಯಲ್ಲಿ ಕುಳಿತಿದ್ದವನಿಗೆ ಸುದ್ದಿ ಹೇಗೆ ಕೇಳಿಸಿರಬೇಕು!

ಬಿಡುವವರ ವಾದದಲ್ಲಿ ನನಗೆ ತಿರುಳೆಂದು ತೋರುವುದು ಇದೇ. ನಮ್ಮ ಮೇಲೆ ಕಾನೂನು ಮಾಡುವವರು ಯಾರು? ಅವರು ನಮಗೆ ಬೇಡವಾದರೆ ನಾವು ಅವರನ್ನು ಕೆಳಗಿಳಿಸಬಹುದೇ? ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕಿದ ವಿದ್ವಾಂಸರು ಅನೇಕರು. ಅವರು ತಪ್ಪಿದರೆಂದೇ ನಾನು ಹೇಳುತ್ತೇನೆ. ಒಳ್ಳೆಯ ಆಳ್ವಿಕೆ ಸ್ವಂತ ಆಳ್ವಿಕೆಗೆ ಬದಲಿಯಾಗದೆಂಬ ಮಾತನ್ನು ಕೇಳಿಯೂ ಹೇಳಿಯೂ ಬೆಳೆದವರು ನಮ್ಮ ಹಿರಿಯರು, ಅದನ್ನು ಅವರು ಹೇಳಿದ್ದು ಆ ಆಂಗ್ಲರಿಗೇ. ಹಾಗೆಂದು ಎರಡೂ ಒಂದೇ ಎನ್ನುವಂತಿಲ್ಲ. 2016ರ ಮತದಾನದ ದಿನವನ್ನು ಸ್ವಾತಂತ್ರ್ಯದ ದಿನವೆಂದು ಅಲ್ಲಿನ ಕೆಲವು ಮುಂದಾಳುಗಳು ಕರೆದಾಗ ನಮ್ಮವರಲ್ಲಿ ಎಷ್ಟೋ ಮಂದಿ ನಕ್ಕಿರಬೇಕು. ಒಕ್ಕೂಟವನ್ನು ಬ್ರಿಟನ್ನು ತಾನಾಗಿ ಬೇಡಿ ಸೇರಿತ್ತು. ಅದರ ಸಭೆಗಳಲ್ಲಿ ಅದರ ಮಂತ್ರಿಗಳಿಗೆ ಓಟಿತ್ತು. 1979ರಿಂದ ಐರೋಪ್ಯ ಪಾರ್ಲಿಮೆಂಟಿಗೆ ಅದರ ಜನ ನೇರವಾಗಿ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಹೆಚ್ಚು ವಿಷಯಗಳನ್ನು ಬಹುಮತದಿಂದ ತೀರ್ಮಾನಿಸೋಣವೆಂಬ 1986ರ ಒಪ್ಪಂದಕ್ಕೆ ಒಪ್ಪಿದವರು ಥ್ಯಾಚರ್ ಅವರೇ. ಬಿಡುವ ದಿನ ಬಂದಾಗ ಯಾರೂ ಸೆರೆಮನೆಗೆ ಹೋಗಬೇಕಾಗಲಿಲ್ಲ. ಆರು ಪುಟದ ಒಂದು ಕಾಗದ ಬ್ರಸೆಲ್ಸಿಗೆ ಹೋಯಿತು, ಅಷ್ಟೆ.

ಹಾಗಾದರೆ 2016ರಲ್ಲಿ ಪ್ರಶ್ನೆ ಮತ್ತೆ ಎದ್ದದ್ದೇಕೆ? ಇಲ್ಲಿಯೂ ಪಕ್ಷದೊಳಗಿನ ಜಗಳ ಒಂದು ಕಾರಣ, ಈ ಸಲ ಕನ್ಸರ್ವೆಟಿವರದು. ಇನ್ನೊಂದು, ಜನರ ವಲಸೆ. 2004ರಲ್ಲಿ ಪೂರ್ವ ಯೂರೋಪಿನ ಎಂಟು ದೇಶಗಳೂ ಸೇರಿ ಹತ್ತು ದೇಶಗಳು ಒಕ್ಕೂಟಕ್ಕೆ ಬಂದುವು. ದೊಡ್ಡ ದೇಶಗಳಲ್ಲಿ ಬ್ರಿಟನ್ನು ಮಾತ್ರ ಅಂದೇ ತನ್ನ ಕೆಲಸಗಳನ್ನು ಅವರಿಗೆ ತೆರೆಯಿತು. ಪೋಲೆಂಡಿನಿಂದ ಬಂದ ಗಾರೆಯವನೂ ನಲ್ಲಿ ರಿಪೇರಿಯವನೂ ಕೆಲವರಿಗೆ ಉಪಕಾರಿಗಳಾದರು, ಕೆಲವರಿಗೆ ಎದುರಾಳಿಗಳಾದರು. ಪ್ರಧಾನಿ ಡೇವಿಡ್ ಕ್ಯಾಮರನ್ 2013ರಲ್ಲಿ ಜನಮತಗಣನೆಯ ಮಾತು ಕೊಟ್ಟರು. 2015ರ ಚುನಾವಣೆಯಲ್ಲಿ ಬಹುಮತ ಬಂದು ಮಾತು ನಡೆಸಬೇಕಾಯಿತು.

ಆ ಸಲದ ವಾದ 1975ರದಕ್ಕಿಂತ ಕೀಳುಮಟ್ಟದ್ದೆಂದು ಹೇಳಿದರೆ ತಪ್ಪಾಗದು. ಬಿಡುವವರು ಒಂದು ಕೆಂಪು ಬಸ್ಸಿನ ಮೇಲೆ, ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಬರೆಸಿದರು. ಬ್ರಿಟನ್ನಿಗೆ 1984ರಿಂದ ಸಿಗುತ್ತಿದ್ದ ಸೋಡಿಯನ್ನು ಅದರಲ್ಲಿ ಕಳೆದಿರಲಿಲ್ಲ. ಅಂಕಿ ಅಂಶಗಳ ಮೇಲ್ವಿಚಾರಕರು ಆಕ್ಷೇಪಿಸಿದರೂ ಬಸ್ಸು ಓಡುತ್ತಲೇ ಇತ್ತು. ಇರುವವರೇನೂ ಹಿಂದೆ ಬೀಳಲಿಲ್ಲ. ಬಿಡುವ ಓಟು ಬಿದ್ದ ಮಾತ್ರಕ್ಕೇ ದೇಶ ಒಂದು ವರ್ಷ ಆರ್ಥಿಕ ಕುಸಿತಕ್ಕೆ ಬೀಳುವುದೆಂದು ಖಜಾನೆಯಿಂದಲೇ ಹೇಳಿಸಿದರು, ಅದು ಆಗಲಿಲ್ಲ. ಶೋರರ ಹಳೆಯ ಮಾತು, ನಿಮ್ಮದು ಹೆದರಿಕೆಯ ಪ್ರಚಾರವೆಂಬುದು, ಮತ್ತೆ ಜೀವ ತಳೆಯಿತು. ಮತದಾನಕ್ಕೆ ಒಂದು ವಾರವಿರುವಾಗ, ಇರೋಣವೆನ್ನುತ್ತಿದ್ದ ಪಾರ್ಲಿಮೆಂಟ್ ಸದಸ್ಯೆ ಜೋ ಕಾಕ್ಸ್ ತಮ್ಮ ಕ್ಷೇತ್ರದ ಬೀದಿಯಲ್ಲೇ ಕೊಲೆಯಾದರು.

ಈ ಮತದಾನದಲ್ಲಿ ಯಾರಿಗೆ ಓಟಿತ್ತು ಎಂಬುದರಲ್ಲಿ ಒಂದು ಸ್ವಾರಸ್ಯವಿದೆ, ಅದು ನಮಗೂ ಸಂಬಂಧಿಸಿದ್ದು. ಮೂವತ್ತು ವರ್ಷದಿಂದ ಲಂಡನ್ನಿನಲ್ಲಿ ಸಂಸಾರ ಹೂಡಿದ ಫ್ರೆಂಚ್ ಪ್ರಜೆಗೆ ಓಟಿರಲಿಲ್ಲ. ಕಾಮನ್‌ವೆಲ್ತ್ ದೇಶಗಳಿಂದ ಹೋಗಿ ಅಲ್ಲಿ ನೆಲಸಿದವರಿಗೆ ಓಟಿತ್ತು. ಅಂದರೆ ಬೆಂಗಳೂರಿನಿಂದ ಕೆಲಸಕ್ಕೆಂದು ಹೋಗಿ, ಭಾರತದ ರಹದಾರಿಯನ್ನೇ ಜೇಬಿನಲ್ಲಿಟ್ಟುಕೊಂಡಿದ್ದ ಎಂಜಿನಿಯರನೂ ಬ್ರಿಟನ್ನು ಯೂರೋಪಿನಲ್ಲಿರಬೇಕೇ ಬೇಡವೇ ಎಂದು ತೀರ್ಪು ಹೇಳಬಹುದಾಗಿತ್ತು. ಅವನ ಪಕ್ಕದ ಮನೆಯ ಜರ್ಮನ್ ಹೆಂಗಸು ಹೇಳುವಂತಿರಲಿಲ್ಲ. ಯೂರೋಪಿನವರ ಬರವು ಕಡಿಮೆಯಾದರೆ ನಿಮ್ಮ ಕಡೆಯ ಅಡಿಗೆಯವರಿಗೆ ಜಾಗವಾಗುತ್ತದೆಂದು ಹೋಟೆಲು ನಡೆಸುವ ದಕ್ಷಿಣ ಏಷ್ಯಾದವರಿಗೆ ಬಿಡುವವರು ಆಸೆ ತೋರಿಸಿದ್ದೂ ಉಂಟು.

2016ರ ಜೂನ್ 23. ಬಿಡೋಣವೆಂದವರು ನೂರಕ್ಕೆ 51.9, ಇರೋಣವೆಂದವರು 48.1. ಇನ್ನೊಂದು ಲೆಕ್ಕವನ್ನೂ ಕೇಳಿ. 1975ರಲ್ಲಿ ಇರೋಣವೆಂದ ಓಟುಗಳು 1 ಕೋಟಿ 73 ಲಕ್ಷ 78 ಸಾವಿರ. 2016ರಲ್ಲಿ ಬಿಡೋಣವೆಂದ ಓಟುಗಳು 1 ಕೋಟಿ 74 ಲಕ್ಷ 10 ಸಾವಿರ. ಹೆಚ್ಚು ಕಡಮೆ ಅಷ್ಟೇ ಮಂದಿ. ಮೊದಲ ಸಲ ಅವರು ಮೂರರಲ್ಲಿ ಎರಡು ಪಾಲು, ಎರಡನೆಯ ಸಲ ಅರ್ಧಕ್ಕಿಂತ ತುಸು ಹೆಚ್ಚು. ಇಂಗ್ಲೆಂಡು ವೇಲ್ಸುಗಳು ಬಿಡೋಣವೆಂದುವು. ಸ್ಕಾಟ್‌ಲೆಂಡಿನಲ್ಲಿ ನೂರಕ್ಕೆ 62, ಉತ್ತರ ಐರ್ಲೆಂಡಿನಲ್ಲಿ ಸುಮಾರು 56 ಮಂದಿ ಇರೋಣವೆಂದರು. ಬಹುಮಂದಿ ಯುವಕರು ಒಂದು ಕಡೆ, ಬಹುಮಂದಿ ಮುದುಕರು ಒಂದು ಕಡೆ. ನಿಸ್ಸಾನ್ ಮೋಟಾರು ಕಾರ್ಖಾನೆಯಿರುವ ಸಂಡರ್‌ಲೆಂಡ್ ಪಟ್ಟಣ, ಆ ಕಾರುಗಳಲ್ಲಿ ಬಹುಭಾಗ ಯೂರೋಪಿಗೇ ಹೋಗುತ್ತಿದ್ದರೂ, ನೂರಕ್ಕೆ 61ರಂತೆ ಬಿಡೋಣವೆಂದಿತು. ಹೊಟ್ಟೆಯ ಲೆಕ್ಕದಿಂದಲೇ ಮನುಷ್ಯ ಓಟು ಹಾಕುತ್ತಾನೆಂದು ನಂಬಿದವರು ಈ ಊರಿಗೆ ಒಮ್ಮೆ ಹೋಗಿಬರಬೇಕು.

ನನ್ನ ತಕರಾರಿರುವುದು ಫಲಿತಾಂಶದ ಮೇಲಲ್ಲ, ಪ್ರಶ್ನೆಯ ಮೇಲೆ. ‘ಇರುವುದು’ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಅದರ ಹುಳುಕುಗಳೂ ಗೊತ್ತಿದ್ದುವು. ‘ಬಿಡುವುದು’ ಎಂಬ ಒಂದು ಮಾತಿನೊಳಗೆ ಮೂರು ನಾಲ್ಕು ಮನೆಗಳಿದ್ದುವು. ನಾರ್ವೆಯವರಂತೆ ಹೊರಗಿದ್ದೂ ಮಾರುಕಟ್ಟೆಯೊಳಗಿರುವುದೊಂದು. ಸುಂಕದ ಕೂಟದಲ್ಲಿ ಮಾತ್ರ ಉಳಿಯುವುದೊಂದು. ಕೆನಡಾದವರಂತೆ ದೂರದ ವ್ಯಾಪಾರದೊಪ್ಪಂದವೊಂದು. ಏನೂ ಬೇಡವೆಂದು ಬಾಗಿಲು ಹಾಕಿಕೊಂಡು ಬರುವುದೊಂದು. ಓಟು ಹಾಕಿದವರು ಯಾವ ಮನೆಗೆ ಹೋಗಲು ಹೊರಟರೆಂದು ಚೀಟಿ ಕೇಳಲಿಲ್ಲ. ಹಿಂದೆ ಗ್ರೀನ್‌ಲೆಂಡಿನವರು 1982ರಲ್ಲಿ ಇಂಥದೇ ಓಟು ಹಾಕಿ 1985ರಲ್ಲಿ ಕೂಟ ಬಿಟ್ಟಾಗ ಈ ತೊಡಕು ಅಷ್ಟಾಗಿ ಬರಲಿಲ್ಲ; ಅವರು ಐವತ್ತು ಸಾವಿರ ಜನ, ಅವರ ಮುಖ್ಯ ವ್ಯಾಜ್ಯ ಮೀನಿನದು. ಬ್ರಿಟನ್ನಿನಲ್ಲಿ ಮೂರೂವರೆ ವರ್ಷ ಪಾರ್ಲಿಮೆಂಟು ಜಗ್ಗಾಡಿತು. ಪ್ರಧಾನಿ ಥೆರೆಸಾ ಮೇ ತಂದ ಒಪ್ಪಂದಕ್ಕೆ 2019ರ ಜನವರಿಯಲ್ಲಿ 432 ಮಂದಿ ಬೇಡವೆಂದರು, 202 ಮಂದಿ ಬೇಕೆಂದರು. ಸರ್ಕಾರವೊಂದು ಅಲ್ಲಿ ಅಷ್ಟು ದೊಡ್ಡ ಸೋಲನ್ನು ಹಿಂದೆಂದೂ ಕಂಡಿರಲಿಲ್ಲ. ಆಮೇಲಿನ ಕಥೆ ಪತ್ರಿಕೆಗಳಲ್ಲಿ ತಾವು ಓದಿರತಕ್ಕದ್ದೇ.

ಈಗ ಬಾವಿಯ ವಿಷಯಕ್ಕೆ ಬರುತ್ತೇನೆ. ಐರ್ಲೆಂಡ್ ದ್ವೀಪ 1921ರಲ್ಲಿ ಎರಡಾಯಿತು. ದಕ್ಷಿಣದ್ದು ಮುಂದೆ ಸ್ವತಂತ್ರ ಗಣರಾಜ್ಯವಾಗಿ ಒಕ್ಕೂಟದ ಸದಸ್ಯನಾಯಿತು. ಉತ್ತರದ್ದು ಬ್ರಿಟನ್ನಿನಲ್ಲೇ ಉಳಿಯಿತು. ನಡುವಣ ಗಡಿ ಸುಮಾರು ಐನೂರು ಕಿಲೋಮೀಟರು, ಅದನ್ನು ದಾಟುವ ದಾರಿಗಳು ಇನ್ನೂರಕ್ಕೂ ಹೆಚ್ಚು. ಮೂವತ್ತು ವರ್ಷದ ರಕ್ತಪಾತದ ದಿನಗಳಲ್ಲಿ ಆ ಗಡಿಯ ಮೇಲೆ ಸೈನ್ಯದ ಗೋಪುರಗಳಿದ್ದುವು, ಎಷ್ಟೋ ಹಳ್ಳಿದಾರಿಗಳನ್ನು ಸೈನಿಕರು ಅಗೆದು ಮುಚ್ಚಿದ್ದರು. 1993ರಲ್ಲಿ ಒಕ್ಕೂಟದ ಒಂದೇ ಮಾರುಕಟ್ಟೆಯಿಂದಾಗಿ ಸುಂಕದ ಕಟ್ಟೆಗಳು ಹೋದುವು. 1998ರ ಶಾಂತಿ ಒಪ್ಪಂದದ ಮೇಲೆ ಗೋಪುರಗಳೂ ಒಂದೊಂದಾಗಿ ಇಳಿದುವು. ಈಗ ಅಲ್ಲಿ ಮೋಟಾರಿನಲ್ಲಿ ಹೋಗುವವನಿಗೆ ಗಡಿ ದಾಟಿದ್ದು ತಿಳಿಯುವುದು, ವೇಗದ ಹಲಗೆಯ ಮೇಲೆ ಮೈಲಿ ಹೋಗಿ ಕಿಲೋಮೀಟರು ಬಂದಾಗ. ರೈತನೊಬ್ಬನ ಮನೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ ಇರುವುದುಂಟು.

ಬ್ರಿಟನ್ನು ಒಕ್ಕೂಟದ ಮಾರುಕಟ್ಟೆಯಿಂದಲೂ ಸುಂಕದ ಕೂಟದಿಂದಲೂ ಹೊರಬಂದರೆ ಈ ಗಡಿ ಒಕ್ಕೂಟದ ಹೊರಗೋಡೆಯಾಗುತ್ತದೆ. ಹೊರಗೋಡೆಯ ಬಾಗಿಲಲ್ಲಿ ಸರಕು ತಪಾಸಣೆ ಆಗಬೇಕು. ಅಲ್ಲಿ ಬೇಡವೆಂದರೆ, ಉತ್ತರ ಐರ್ಲೆಂಡಿಗೂ ಬ್ರಿಟನ್ನಿಗೂ ನಡುವಣ ಸಮುದ್ರದಲ್ಲಿ ಆಗಬೇಕು. ಅದೂ ಬೇಡವೆಂದರೆ ಇಡೀ ಬ್ರಿಟನ್ನು ಒಕ್ಕೂಟದ ಕಟ್ಟಳೆಗಳನ್ನು ಹಿಡಿದುಕೊಂಡಿರಬೇಕು. ನಾಲ್ಕನೆಯ ದಾರಿಯನ್ನು ಬಹಳ ಹುಡುಕಿದರು, ಸಿಕ್ಕಲಿಲ್ಲ. ಮೇ ಮೂರನೆಯದರ ಹತ್ತಿರ ಹೋಗಿ ಪದವಿ ಕಳೆದುಕೊಂಡರು. ಅವರ ನಂತರ ಬಂದ ಬೋರಿಸ್ ಜಾನ್ಸನ್ ಎರಡನೆಯದನ್ನು ಒಪ್ಪಿ, 2019ರ ಡಿಸೆಂಬರಿನಲ್ಲಿ ಚುನಾವಣೆ ಗೆದ್ದು, ಹೊರಬಂದರು. 2016ರ ಚರ್ಚೆಯಲ್ಲಿ ಇಂಗ್ಲೆಂಡಿನ ಮತದಾರನ ಕಿವಿಗೆ ಈ ಗಡಿಯ ಮಾತು ಬಿದ್ದದ್ದು ಬಹಳ ಕಡಮೆ.

ಸಮುದ್ರದಲ್ಲಿ ಗಡಿ ಬಂದಾಗ, ತಾವು ಬ್ರಿಟಿಷರೆಂದು ಹೆಮ್ಮೆಪಡುವ ಉತ್ತರ ಐರ್ಲೆಂಡಿನ ಯೂನಿಯನಿಸ್ಟರಿಗೆ ತಮ್ಮನ್ನು ಮನೆಯಿಂದ ಹೊರಗೆ ಕೂರಿಸಿದಂತಾಯಿತು. ಆಗ ಇಂಗ್ಲೆಂಡಿನ ತೋಟದ ಗಿಡ ಬೇರಿನ ಮಣ್ಣಿನೊಂದಿಗೆ ಬರುವಂತಿರಲಿಲ್ಲ; ಬಿತ್ತನೆಯ ಆಲೂಗಡ್ಡೆ ಬರುವಂತಿರಲಿಲ್ಲ. ಅವರ ದೊಡ್ಡ ಪಕ್ಷ 2022ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರದಿಂದ ಎದ್ದುಹೋಗಿ, ಎರಡು ವರ್ಷ ಆಡಳಿತವೇ ನಿಂತಿತು. 2023ರಲ್ಲಿ ಹೊಸದೊಂದು ರಾಜಿಯಾಗಿ, ಉತ್ತರದಲ್ಲೇ ಉಳಿಯುವ ಸರಕಿಗೆ ಹಸಿರು ಸಾಲು, ದಕ್ಷಿಣಕ್ಕೆ ಹೋಗಬಹುದಾದ ಸರಕಿಗೆ ಕೆಂಪು ಸಾಲು ಎಂದು ಮಾಡಿದರು.

ಲಾಭನಷ್ಟದ ಲೆಕ್ಕ ಇನ್ನೂ ಮುಗಿದಿಲ್ಲ. ಒಕ್ಕೂಟದಲ್ಲೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ಕಾಲಕ್ರಮದಲ್ಲಿ ನೂರಕ್ಕೆ ನಾಲ್ಕರಷ್ಟು ಕಡಮೆಯಾಗುವುದೆಂದು ಬ್ರಿಟನ್ನಿನ ಆಯವ್ಯಯದ ಸ್ವತಂತ್ರ ಕಚೇರಿ ಅಂದಾಜು ಹಾಕಿತು. ಬಿಟ್ಟವರ ಕಡೆಯಿಂದ ಹೇಳುವುದಾದರೆ, ತನ್ನ ವ್ಯಾಪಾರದ ಒಪ್ಪಂದಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರ ಮರಳಿ ಬಂದಿತು. 2025ರ ಜುಲೈ 24ರಂದು ಭಾರತದೊಡನೆ ಆದ ಒಪ್ಪಂದ ಅದರ ಒಂದು ಫಲ. ಜನರ ಬರವು ಕಡಿಮೆಯಾದೀತೆಂದವರ ಎಣಿಕೆ ಮಾತ್ರ ತಲೆಕೆಳಗಾಯಿತು. ಯೂರೋಪಿನವರು ಕಡಿಮೆಯಾದರು, 2021ರ ನಂತರದ ಹೊಸ ಕಾನೂನಿನ ಕೆಳಗೆ ಅಲ್ಲಿಗೆ ಓದಲೂ ದುಡಿಯಲೂ ಹೋದವರಲ್ಲಿ ಭಾರತದವರ ಸಂಖ್ಯೆ ದೊಡ್ಡದಾಯಿತು. ಅವರಲ್ಲಿ ನಮ್ಮ ಕಡೆಯ ದಾದಿಯರೂ ವಿದ್ಯಾರ್ಥಿಗಳೂ ಇದ್ದಾರೆ.

ಐರ್ಲೆಂಡಿನ ಬಾವಿಗೆ ಒಂದು ಷರತ್ತು ಇಟ್ಟಿದ್ದಾರೆ. ಸಮುದ್ರದ ಈ ವ್ಯವಸ್ಥೆ ಮುಂದುವರಿಯಬೇಕೇ ಬೇಡವೇ ಎಂದು ಉತ್ತರ ಐರ್ಲೆಂಡಿನ ಶಾಸನಸಭೆಯನ್ನು ಆಗಾಗ ಕೇಳತಕ್ಕದ್ದು. 2024ರ ಡಿಸೆಂಬರ್ 10ರಂದು ಮೊದಲ ಸಲ ಕೇಳಿದರು. 48 ಮಂದಿ ಮುಂದುವರಿಯಲಿ ಎಂದರು, 36 ಮಂದಿ ಬೇಡವೆಂದರು. ಬೇಕೆಂದವರಲ್ಲಿ ಯೂನಿಯನಿಸ್ಟ್ ಒಬ್ಬರೂ ಇರಲಿಲ್ಲ. ಎರಡೂ ಪಂಗಡಗಳ ಒಪ್ಪಿಗೆ ಸಿಕ್ಕಿದ್ದರೆ ಎಂಟು ವರ್ಷ ಕೇಳಬೇಕಾಗಿರಲಿಲ್ಲ. ಸಿಕ್ಕದಿದ್ದುದರಿಂದ ನಾಲ್ಕೇ ವರ್ಷಕ್ಕೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ.